ಮೂವತ್ತೊಂದನೆಯ ಸಿಲಿಂಡರಿನ ಸೀಟಿ

ಹೇಗೆ ಶುರು ಮಾಡಲಿ, ನೀವೇ ಹೇಳಿ. ‘ಹೈಡ್ರೋಜನ್’ ಎಂದು ಶುರು ಮಾಡಿದರೆ ನಿಮಗೆ ಎಂಟನೇ ಕ್ಲಾಸಿನ ವಿಜ್ಞಾನದ ಮೇಡಂ ನೆನಪಾಗಿ ಪುಟ ತಿರುಗಿಸುತ್ತೀರಿ. ‘ಕಿಡ್ನಿ’ ಎಂದು ಶುರು ಮಾಡಿದರೆ, ಅಯ್ಯೋ ಆಸ್ಪತ್ರೆ ಕಥೆ, ಬೇಡಪ್ಪ, ನಮ್ಮನೆಯದೇ ಸಾಕಾಗಿದೆ ಅನ್ನುತ್ತೀರಿ. ‘ಅಕ್ಕ’ ಎಂದು ಶುರು ಮಾಡಿದರೆ ನಾನೇ ಅಳುತ್ತೇನೆ. ಅಳುತ್ತಾ ಬರೆದ ಕಥೆ ಒದ್ದೆಯಾದ ಬೆಂಕಿಪೊಟ್ಟಣದ ಹಾಗೆ, ಎಷ್ಟು ಗೀರಿದರೂ ಹತ್ತುವುದಿಲ್ಲ.

ಕರಡು ಒಂದನ್ನೇ ತೋರಿಸಿಬಿಡುತ್ತೇನೆ. ಅದು ಕೆಟ್ಟದ್ದು ಎಂದು ಮೊದಲೇ ಹೇಳಿದ್ದೇನೆ, ಆಮೇಲೆ ಬೈಯಬೇಡಿ.

1

“ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಒಬ್ಬ ಗ್ಯಾಸ್ ಮೇಸ್ತ್ರಿ ಇದ್ದ. ಅವನಿಗೆ ಅಪೂರ್ವ ಸೌಂದರ್ಯದ ಹೆಂಡತಿಯಿದ್ದಳು. ಒಂದು ದಿನ ವಿಧಿ ಅವರ ಮನೆಯ ಬಾಗಿಲು ತಟ್ಟಿತು.”

ಈ ಮೂರು ಸಾಲನ್ನು ಅಕ್ಕನ ಮನೆಯ ಊಟದ ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಪಕ್ಕದಲ್ಲಿ ಪೆನ್ಸಿಲ್ ಅಕ್ಷರಗಳಿದ್ದವು: “ಅಪೂರ್ವ ಸೌಂದರ್ಯ ಸುಳ್ಳು, ಮುಂದಿನ ಹಲ್ಲು ಉಬ್ಬು. ವಿಧಿ ಬಾಗಿಲು ಯಾಕೆ ತಟ್ಟುತ್ತೆ? ನಮ್ಮನೆ ಕಾಲಿಂಗ್ ಬೆಲ್ ಚೆನ್ನಾಗೇ ಇದೆ.”

(ಬೇರೆ ಲೇಖಕರ ಪಾತ್ರಗಳು ಕನಸಿನಲ್ಲಿ ಬಂದು ಜಗಳ ಮಾಡುತ್ತವಂತೆ. ನನ್ನವು ಎದುರಿಗೇ ಕೂತು, ಟೀ ಹೀರುತ್ತಾ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಮಾಡುತ್ತವೆ.)

2

ಸರಿ, ಸುತ್ತಿ ಬಳಸಿ ಯಾಕೆ? ಗ್ಯಾಸ್ ಮೇಸ್ತ್ರಿ ನನ್ನ ಭಾವ. ಉಬ್ಬು ಹಲ್ಲಿನ ಸುಂದರಿ ನನ್ನ ಅಕ್ಕ. ನಾನು ಕಥೆ ಬರೆಯುವವಳು, ಅಂದರೆ ಮೂರು ಕಥೆ ಅಚ್ಚಾಗಿವೆ, ಎರಡನ್ನು ಅಕ್ಕ ಓದಿದ್ದಾಳೆ. ಹೊಟ್ಟೆಪಾಡಿಗೆ ಅದೇ ಆಸ್ಪತ್ರೆಯಲ್ಲಿ ರೋಗಿಗಳಿಗೆ ಕೊಡುವ ಮಾಹಿತಿ ಪತ್ರಗಳನ್ನು ಎಲ್ಲರಿಗೂ ತಿಳಿಯುವ ಹಾಗೆ ಬರೆದುಕೊಡುತ್ತೇನೆ. “ಆಪರೇಷನ್ನಿನ ಹಿಂದಿನ ದಿನ ಏನು ತಿನ್ನಬಾರದು” ಎಂಬುದು ನನ್ನ ಅತಿ ಹೆಚ್ಚು ಓದಿಸಿಕೊಂಡ ಕೃತಿ.

ಆರು ವರ್ಷದ ಹಿಂದೆ ಭಾವನ ಎರಡೂ ಕಿಡ್ನಿ ಕೈಕೊಟ್ಟವು. ಅಕ್ಕ ತನ್ನದೊಂದನ್ನು ಕೊಟ್ಟಳು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ, ಪರೀಕ್ಷೆಗಳನ್ನೆಲ್ಲ ಮಾಡಿಸಿಕೊಂಡು ಬಂದು, “ಹೊಂದತ್ತಂತೆ” ಎಂದಳು, ರವಿಕೆಗೆ ಬಟ್ಟೆ ಹೊಂದಿಸಿ ತಂದವಳ ಹಾಗೆ. ಆಪರೇಷನ್ ಮುಗಿದು ಮಂಪರು ಇಳಿದಾಗ ಅವಳು ನೀರು ಕೇಳಲಿಲ್ಲ, ನೋವು ಅನ್ನಲಿಲ್ಲ. “ಬಂತಾ?” ಎಂದಳು. ನರ್ಸ್ ನನ್ನ ಮುಖ ನೋಡಿದರು. ನನಗೆ ಅರ್ಥವಾಗಿತ್ತು. ತನ್ನ ಕಿಡ್ನಿ ಗಂಡನ ಹೊಟ್ಟೆಯಲ್ಲಿ ಕೆಲಸ ಶುರು ಮಾಡಿತಾ, ಮೂತ್ರ ಬಂತಾ ಅಂತ ಅವಳ ಪ್ರಶ್ನೆ. ಭಾವನಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಪಕ್ಕದ ಕೋಣೆಗೆ ಓಡಿಹೋಗಿ ಚೀಲ ನೋಡಿ ಬಂದು, “ಬಂತು ಕಣೇ ಅಕ್ಕ, ಧಾರಾಳವಾಗಿ ಬಂತು” ಎಂದವಳು ನಾನು. ಅವಳು ಮತ್ತೆ ನಿದ್ದೆಹೋದಳು.

ಆ ವಿಷಯಕ್ಕೆ ಭಾವನಿಗೆ ನನ್ನ ಮೇಲೆ ಈಗಲೂ ಹೊಟ್ಟೆಕಿಚ್ಚು. “ಅವಳು ಕೇಳಿದ್ದು ನನ್ನ ವಿಷಯ. ಉತ್ತರ ಹೇಳಬೇಕಾದವನು ನಾನು. ನೀನ್ಯಾಕಮ್ಮ ಮಧ್ಯೆ ಬಾಯಿ ಹಾಕಿದೆ?” ಎಂದು ವರ್ಷಕ್ಕೊಂದು ಸಲವಾದರೂ ಕೇಳುತ್ತಾರೆ.

2 (ಇದೂ ಎರಡೇ. ಮೇಲಿನದನ್ನು ಎರಡು ಭಾಗ ಮಾಡಬೇಕಿತ್ತು, ಮರೆತೆ.)

ಈಗ ಅಕ್ಕನ ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ದಿಂಬು ಮೂರಿಲ್ಲದೆ ಮಲಗಲಾರಳು. ಆಪರೇಷನ್ ಆಗಲೇಬೇಕು. ಆ ಹೊತ್ತಿನಲ್ಲಿ ಹೃದಯವನ್ನು ನಿಲ್ಲಿಸಿ ರಕ್ತವನ್ನು ಯಂತ್ರದ ಮೂಲಕ ಹರಿಸುತ್ತಾರೆ. ಯಂತ್ರ ಎಷ್ಟೇ ಜಾಣನಾದರೂ ಕಿಡ್ನಿಗೆ ಅದರ ಮೇಲೆ ಮುನಿಸು. ಕೆಲವರಲ್ಲಿ ಆಪರೇಷನ್ ಚೆನ್ನಾಗಿ ಆಗಿಯೂ ಕಿಡ್ನಿ ಪೆಟ್ಟು ತಿನ್ನುತ್ತದೆ. ಎರಡಿದ್ದವರಿಗೇ ಭಯ. ಅಕ್ಕನಿಗಿರುವುದು ಒಂದು.

ಆಸ್ಪತ್ರೆಯಲ್ಲಿ ಒಂದು ಪ್ರಯೋಗ ನಡೆಯುತ್ತಿದೆ. ಇಂಥ ಆಪರೇಷನ್ನಿನ ಮುಂಚೆ ಮತ್ತು ಆಮೇಲೆ ಸ್ವಲ್ಪ ಹೈಡ್ರೋಜನ್ ಬೆರೆಸಿದ ಗಾಳಿ ಉಸಿರಾಡಿದರೆ ಕಿಡ್ನಿಗೆ ಪೆಟ್ಟು ಕಡಿಮೆಯಾದೀತೇ? ಇಲಿಗಳಲ್ಲಿ ಆಗಿದೆಯಂತೆ. ಮನುಷ್ಯರಲ್ಲಿ ಗೊತ್ತಿಲ್ಲ, ಅದಕ್ಕೇ ಪ್ರಯೋಗ. ನಡೆಸುತ್ತಿರುವವರು ದೊಡ್ಡ ಕನ್ನಡಕದ ಡಾಕ್ಟರಮ್ಮ. ರೋಗಿಗಳಿಗೆ ಕೊಡುವ ಪತ್ರ ಬರೆದದ್ದು ನಾನೇ. ಹೈಡ್ರೋಜನ್ ಉರಿಯುವ ಅನಿಲ, ಆದರೆ ನೂರರಲ್ಲಿ ಎರಡು ಪಾಲು ಬೆರೆಸಿದರೆ ಉರಿಯುವುದಿಲ್ಲ ಎಂಬುದನ್ನು ಜನ ಎದ್ದು ಓಡದ ಹಾಗೆ ಬರೆಯಲು ನನಗೆ ಒಂದು ವಾರ ಬೇಕಾಯಿತು. ಅಕ್ಕ ಅದನ್ನು ಓದಿ, “ಪುಟ್ಟಿ, ನಾನು ಬಲೂನಿನ ಹಾಗೆ ಸೂರಿಗೆ ಅಂಟಿಕೊಂಡರೆ ಕಾಲು ಹಿಡಿದು ಎಳೀತೀಯಾ?” ಎಂದು ಕೇಳಿ ಸಹಿ ಹಾಕಿದಳು.

ಆ ಪತ್ರದ ನಾಲ್ಕನೇ ಪ್ಯಾರಾ ನನ್ನದೇ ವಾಕ್ಯ, ನೆನಪಿಟ್ಟುಕೊಳ್ಳಿ: “ಅರ್ಧ ಜನರಿಗೆ ಹೈಡ್ರೋಜನ್ ಬೆರೆತ ಗಾಳಿ, ಅರ್ಧ ಜನರಿಗೆ ಬರೀ ಗಾಳಿ. ನಿಮಗೆ ಸಿಗುವುದು ಯಾವುದು ಎಂದು ನಿಮಗಾಗಲಿ, ನಿಮ್ಮ ವೈದ್ಯರಿಗಾಗಲಿ, ಯಾರಿಗೂ ಗೊತ್ತಿರುವುದಿಲ್ಲ.”

ಯಾರಿಗೂ! ಎಷ್ಟು ಧೈರ್ಯವಾಗಿ ಬರೆದಿದ್ದೆ ನೋಡಿ.

4

(ಮೂರು ಇಲ್ಲ. ಮೂರರಲ್ಲಿ ಭಾವನ ಬಾಲ್ಯವಿತ್ತು. “ನಾನೇನು ಸತ್ತುಹೋಗಿದ್ದೀನಾ, ಬಾಲ್ಯ ಎಲ್ಲ ಬರೆಯೋಕೆ?” ಎಂದು ಕಿತ್ತುಕೊಂಡರು.)

ಈಗ ಸೀಟಿ. ಸಿಲಿಂಡರ್ ಬಂದಾಗ ಭಾವ ಅದಕ್ಕೆ ಮೀಟರ್ ಹಾಕಿ, ಜೊತೆಗೆ ಬೆರಳುದ್ದದ ಒಂದು ಹಿತ್ತಾಳೆ ಸೀಟಿ ಕೂಡಿಸುತ್ತಾರೆ. ರೋಗಿಯ ಪಕ್ಕದಲ್ಲಿರುವಾಗ ಅನಿಲ ಮುಗಿಯುತ್ತಾ ಬಂದರೆ ಅದು ಕೂಗಿ ಎಚ್ಚರಿಸಬೇಕು. ಕೂಗುತ್ತದೋ ಇಲ್ಲವೋ ಎಂದು ಮೇಲಕ್ಕೆ ಕಳಿಸುವ ಮುಂಚೆ ಎರಡು ಸೆಕೆಂಡ್ ಊದಿಸಿ ನೋಡಿ, ಸುಣ್ಣದ ಕಡ್ಡಿಯಿಂದ ಒಂದು ಗೀಟು ಎಳೆಯುತ್ತಾರೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಅವರ ಕಿವಿ ಎಂಥದ್ದು ಅಂದರೆ, ಮನೆಯ ಯಾವ ನಲ್ಲಿ ತೊಟ್ಟಿಕ್ಕುತ್ತಿದೆ ಎಂದು ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳುತ್ತಾರೆ. ಹಾಡಲು ಮಾತ್ರ ಹೇಳಬೇಡಿ, ನೆರೆಮನೆಯವರು ಕಿಟಕಿ ಮುಚ್ಚುತ್ತಾರೆ.

ಒಂದು ಮಧ್ಯಾಹ್ನ ಅಕ್ಕ ಮಲಗಿದ್ದಳು. ಭಾವ ಅಡುಗೆಮನೆಗೆ ಬಂದು ಬಾಗಿಲು ಅರ್ಧ ಮುಚ್ಚಿದರು.

“ಏನಮ್ಮ ಸಾಹಿತಿ, ಒಂದು ಮಾತು. ಯಾರಿಗೂ ಹೇಳಬಾರದು.”

“ಹೇಳಿ ಭಾವ.”

“ಆ ಪ್ರಯೋಗದ ಸಿಲಿಂಡರ್ ಬರ್ತಾವಲ್ಲ, ಎಲ್ಲಾ ಒಂದೇ ಬಣ್ಣ, ಒಂದೇ ತೂಕ, ನಂಬರ್ ಸ್ಟಿಕ್ಕರ್ ಮಾತ್ರ ಬೇರೆ. ಆದರೆ ಸೀಟಿ ಬೇರೆ ಬೇರೆ ಕೂಗುತ್ತೆ.”

“ಅಂದ್ರೆ?”

“ಕೆಲವು ಹೀಗೆ.” ತುಟಿ ಮುಂದೆ ಮಾಡಿ ಮೆಲ್ಲಗೆ ಸೀಟಿ ಹೊಡೆದರು. “ಕೆಲವು ಹೀಗೆ.” ಮತ್ತೊಂದು ಸೀಟಿ. ನನಗೆ ಎರಡೂ ಒಂದೇ ಕೇಳಿಸಿದವು. “ಒಂದು ಕೂದಲೆಳೆಯಷ್ಟು ಮೇಲೆ. ಹಗುರ ಗಾಳಿ ಸೇರಿದರೆ ಸೀಟಿ ಸಣ್ಣಗಾಗುತ್ತೆ. ಹೈಡ್ರೋಜನ್ ಇರೋದು ಯಾವುದು, ಇಲ್ಲದ್ದು ಯಾವುದು, ನನಗೆ ಗೊತ್ತಾಗಿಬಿಡುತ್ತೆ. ಬೇಡ ಅಂದ್ರೂ ಗೊತ್ತಾಗುತ್ತೆ. ಕಿವಿಗೆ ರೆಪ್ಪೆ ಇಲ್ಲವಲ್ಲ.”

ಪ್ರಯೋಗ ರೂಪಿಸಿದ ಎಂಟು ಜನ ದೊಡ್ಡ ದೊಡ್ಡವರು ಸೇರಿ ಎಲ್ಲರ ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಕಿವಿಯನ್ನು ಮರೆತಿದ್ದರು.

ನಾನು ಕೇಳಬಾರದಿತ್ತು, ಕೇಳಿದೆ. “ಅಕ್ಕನದು?”

ಭಾವ ಒಲೆಯ ಗುಂಡಿಯನ್ನು ಒರೆಸತೊಡಗಿದರು. ಅದು ಸ್ವಚ್ಛವಾಗಿಯೇ ಇತ್ತು. “ಇವತ್ತು ಬೆಳಿಗ್ಗೆ ಬಂತು. ಮೂವತ್ತೊಂದು. ಬರೀ ಗಾಳಿ ಕಣಮ್ಮ.” ಒರೆಸುವ ಬಟ್ಟೆಯನ್ನು ಮಡಿಸುತ್ತಾ, “ಮೂವತ್ತೆರಡು ಪಕ್ಕದಲ್ಲೇ ಇದೆ. ಅದು ಸಣ್ಣಗೆ ಕೂಗಿತು” ಎಂದರು.

5

ಓದುಗರೇ, ಕಥೆ ಬರೆಯುವವಳಿಗೆ ಇದಕ್ಕಿಂತ ಹಬ್ಬ ಬೇಕೇ? ಎರಡು ಸಿಲಿಂಡರು, ಎರಡು ಸ್ಟಿಕ್ಕರು, ಒಬ್ಬ ಗಂಡ. ನಾನು ಆವತ್ತೇ ಕೂತು ಮೂರು ಅಂತ್ಯ ಬರೆದೆ.

ಅಂತ್ಯ ಅ: ಮೇಸ್ತ್ರಿ ಸ್ಟಿಕ್ಕರ್ ಅದಲುಬದಲು ಮಾಡುತ್ತಾನೆ. ಹೆಂಡತಿ ಉಳಿಯುತ್ತಾಳೆ. ಮೂವತ್ತೆರಡನೆಯ ರೋಗಿಗೆ ಏನಾಯಿತು ಎಂದು ಕಥೆ ಹೇಳುವುದಿಲ್ಲ. (ಓದುಗರಿಗೆ ಚುಚ್ಚಲಿ ಎಂದು ಆ ರೋಗಿಯನ್ನು ಮೊದಲು ಒಬ್ಬ ತಾಯಿಯನ್ನಾಗಿ ಮಾಡಿದ್ದೆ. ಆಮೇಲೆ ನನಗೇ ಚುಚ್ಚಿತು. ನಾಯಿಗೆ ಒದೆಯುವ ಒಬ್ಬ ದುಷ್ಟನನ್ನಾಗಿ ಬದಲಾಯಿಸಿದೆ. ಭಾವ ಮುಂದೊಂದು ದಿನ ಅದನ್ನು ಓದಿ, “ಇವನು ನಾಯಿಗೆ ಒದ್ದದ್ದು ನೀನು ಬರೆದ ಮೇಲೆ. ಅಲ್ಲೀತನಕ ಪಾಪ ಸುಮ್ಮನಿದ್ದ” ಎಂದರು.)

ಅಂತ್ಯ ಆ: ಮೇಸ್ತ್ರಿ ಬಾಯಿಗೆ ಬೀಗ ಹಾಕಿಕೊಳ್ಳುತ್ತಾನೆ. ಹೆಂಡತಿಗೆ ಬರೀ ಗಾಳಿ. ಅವಳ ಕಿಡ್ನಿ ಹೋಗುತ್ತದೆ, ಜೀವನಪರ್ಯಂತ ಅವನು ಆ ಸೀಟಿ ಕೇಳುತ್ತಾನೆ.

ಅಂತ್ಯ ಇ: ಅಂತ್ಯ ಆ-ದಂತೆಯೇ, ಆದರೆ ಕಿಡ್ನಿ ಹೋಗುವುದಿಲ್ಲ. ಹೈಡ್ರೋಜನ್ ಏನೂ ಮಾಡುವುದಿಲ್ಲ ಎಂದು ಕೊನೆಗೆ ತಿಳಿಯುತ್ತದೆ. ಇಷ್ಟೆಲ್ಲ ಸಂಕಟ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ಮೂರನ್ನೂ ಪಿನ್ ಹಾಕಿ ಮೇಜಿನ ಮೇಲೆ ಇಟ್ಟೆ. ಹೌದು, ಅದೇ ಮೇಜು. ಹೌದು, ಅಕ್ಕನ ಊಟದ ಮೇಜು. ಊರಿಗೆಲ್ಲ ಮಾಹಿತಿ ಪತ್ರ ಬರೆಯುವ ನನಗೆ, ಬರೆದದ್ದನ್ನು ಎಲ್ಲಿಡಬೇಕು ಎಂಬ ಮಾಹಿತಿ ಇರಲಿಲ್ಲ.

6

ಅಕ್ಕ ಓದಿದಳು. ಈ ಸಲ ಪೆನ್ಸಿಲ್ ಮುಟ್ಟಲಿಲ್ಲ. ಸಂಜೆ ಭಾವ ಕೆಲಸದಿಂದ ಬಂದು ಚಪ್ಪಲಿ ಬಿಡುವುದನ್ನೇ ಕಾಯುತ್ತಿದ್ದಳು.

“ರೀ, ಇಲ್ಲಿ ಬನ್ನಿ. ಕೂತುಕೊಳ್ಳಿ. ಪುಟ್ಟಿ, ನೀನೂ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು.

“ಮೂವತ್ತೊಂದು ನಂದಾ?”

ಭಾವ ಹೌದೆಂದು ತಲೆ ಆಡಿಸಿದರು.

“ಇದರಲ್ಲಿ ಮೇಸ್ತ್ರಿ ಹೇಳ್ತಾನೆ, ‘ಸ್ಟಿಕ್ಕರ್ ಬದಲಾಯಿಸಿದರೆ ಯಾರಿಗೆ ತಿಳಿಯುತ್ತೆ’ ಅಂತ. ಈ ಮಾತು ನಿಮ್ಮದಾ?”

ಭಾವ ಕಾಗದದ ಪಿನ್ ತಿರುಗಿಸತೊಡಗಿದರು. ಅಕ್ಕ ನನ್ನ ಕಡೆ ತಿರುಗಿದಳು.

ಇಲ್ಲಿ ಒಂದು ಸುಳ್ಳನ್ನು ತಿದ್ದಬೇಕು. ನಾಲ್ಕನೇ ಭಾಗದ ಕೊನೆಯಲ್ಲಿ ಅಡುಗೆಮನೆಯ ಮಾತನ್ನು ನಾನು ಬೇಗ ನಿಲ್ಲಿಸಿದೆ, ನೀವು ಗಮನಿಸಿರಲಿಕ್ಕಿಲ್ಲ. ಭಾವ ‘ಅದು ಸಣ್ಣಗೆ ಕೂಗಿತು’ ಎಂದ ಮೇಲೆ ಒಂದು ಮಾತು ಆಡಲಾಯಿತು. ಆಡಿದವಳು ನಾನು. “ಸ್ಟಿಕ್ಕರ್ ಬದಲಾಯಿಸಿಬಿಡಿ ಭಾವ. ಯಾರಿಗೆ ತಿಳಿಯುತ್ತೆ?” ಎಂದೆ. ಕಥೆಯಲ್ಲಿ ಆ ಮಾತನ್ನು ಮೇಸ್ತ್ರಿಯ ಬಾಯಿಗೆ ತುರುಕಿ ಕೈ ತೊಳೆದುಕೊಂಡಿದ್ದೆ. ಆ ಮಾಹಿತಿ ಪತ್ರ ಬರೆದವಳೂ ನಾನೇ, ಅದನ್ನು ಹರಿಯಲು ಹೇಳಿದವಳೂ ನಾನೇ. ನನಗೆ ಅಕ್ಕ ಬೇಕಾಗಿತ್ತು, ಅಷ್ಟೇ. ಇವತ್ತೂ ಬೇಕು.

“ಇವರಿಗೆ ಈ ಬುದ್ಧಿ ಬರಲ್ಲ,” ಅಕ್ಕ ಹೇಳಿದಳು. “ಇದು ನಿಂದು. ಚಿಕ್ಕವಳಿದ್ದಾಗ ಬಿಸ್ಕತ್ತು ತಿಂದು ಡಬ್ಬಿಯೊಳಗೆ ಕಾಗದ ಮುದುರಿ ತುಂಬಿಸ್ತಿದ್ದವಳಲ್ಲವೇ ನೀನು?”

ನಾನು ಅತ್ತೆ. ಅತ್ತರೆ ಬೈಗುಳ ಕಡಿಮೆಯಾಗುತ್ತದೆ ಎಂಬುದು ಹಳೆಯ ಅನುಭವ. ಆಗಲಿಲ್ಲ.

ಭಾವ ಆಗ ಬಾಯಿ ಬಿಟ್ಟರು. “ಅವಳನ್ನ ಬೈಬೇಡ. ನಾನೂ ಮನಸ್ಸಲ್ಲಿ ಹತ್ತು ಸಲ ಬದಲಾಯಿಸಿದ್ದೀನಿ. ಎರಡು ಸಲ ಸ್ಟಿಕ್ಕರ್‌ನ ತುದಿ ಉಗುರಲ್ಲಿ ಎಬ್ಬಿಸಿ ಮತ್ತೆ ಅಂಟಿಸಿದೆ. ಏನ್ಮಾಡಲಿ ಹೇಳು. ನಿನ್ನದೊಂದು ನನ್ನ ಹೊಟ್ಟೇಲಿ ಕೂತಿದೆ. ಅದು ನಿನ್ನಲ್ಲೇ ಇದ್ದಿದ್ದರೆ ಇವತ್ತು ಈ ಭಯಾನೇ ಇರ್ತಿರಲಿಲ್ಲ. ವಾಪಸ್ ಕೊಡೋ ಹಾಗಿದ್ದರೆ...”

“ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳೋಕೆ ಅದೇನು ಪಾತ್ರೇನಾ?” ಅಕ್ಕ ಗದರಿದಳು. ಗದರಿದ್ದಕ್ಕೆ ಉಸಿರು ಕಟ್ಟಿತು. ಮೇಜಿನ ಅಂಚು ಹಿಡಿದು ಕಾದಳು. ನಾವೂ ಕಾದೆವು. ಆಮೇಲೆ ಮೆಲ್ಲಗೆ ಕೇಳಿದಳು. “ಮೂವತ್ತೆರಡು ಯಾರು?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ. ಅವರ ಮನೇಲೂ ಯಾರೋ ಒಬ್ಬರು ಹೀಗೇ ಕೂತಿರ್ತಾರೆ. ಅವರಿಗೆ ನಿಮ್ಮಷ್ಟು ಒಳ್ಳೆ ಕಿವಿ ಇಲ್ಲ, ಅಷ್ಟೇ ವ್ಯತ್ಯಾಸ. ನಾಳೆ ಬೆಳಿಗ್ಗೆ ಡಾಕ್ಟರಮ್ಮನಿಗೆ ಹೇಳಿಬನ್ನಿ.”

“ಪ್ರಯೋಗ ನಿಲ್ಲಿಸಿಬಿಟ್ಟರೆ?”

“ನಿಲ್ಲಿಸಲಿ. ನನಗೆ ಹೆಂಗೂ ಬರೀ ಗಾಳಿ ತಾನೇ?” ಎಂದು ನಕ್ಕಳು. ಉಬ್ಬು ಹಲ್ಲು ಕಾಣಿಸಿತು. ಕರಡು ಒಂದರಲ್ಲಿ ನಾನು ಬರೆದದ್ದು ಸುಳ್ಳಾಗಿರಲಿಲ್ಲ.

7

ಡಾಕ್ಟರಮ್ಮನ ಕೋಣೆಯಲ್ಲಿ ಏನಾಯಿತು ಎಂಬುದನ್ನು ನಾನು ರೋಷಾವೇಶದಿಂದ ಬರೆದಿದ್ದೆ. ಅವರು ಮೇಜು ಗುದ್ದುತ್ತಾರೆ, ಭಾವ ತಲೆ ತಗ್ಗಿಸುತ್ತಾರೆ, ಹೊರಗೆ ಗುಡುಗು. (ಗುಡುಗು ಕಾಟು ಹೊಡೆದೆ. ಆವತ್ತು ಚೆನ್ನಾಗಿ ಬಿಸಿಲಿತ್ತು.) ನಿಜವಾಗಿ ಆದದ್ದು ಇಷ್ಟು.

ಭಾವ ಮೂವತ್ತೊಂದನ್ನೂ ಮೂವತ್ತೆರಡನ್ನೂ ತಳ್ಳುಗಾಡಿಯಲ್ಲಿ ಕೋಣೆಗೇ ತಂದರು. ಒಂದರ ಸೀಟಿ ಊದಿಸಿದರು. ಇನ್ನೊಂದರ ಸೀಟಿ ಊದಿಸಿದರು. ಡಾಕ್ಟರಮ್ಮನಿಗೆ ನನ್ನ ಹಾಗೆಯೇ ಏನೂ ತಿಳಿಯಲಿಲ್ಲ. ಭಾವನ ಮುಖ ಗೋಡೆಗೆ ತಿರುಗಿಸಿ, ನೆಲಮಾಳಿಗೆಯಿಂದ ಇನ್ನೂ ಆರು ತರಿಸಿ, ಒಂದೊಂದನ್ನೇ ಊದಿಸಿದರು. ಭಾವ ಹೇಳಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು, ಔಷಧ ವಿಭಾಗದಲ್ಲಿ ಯಾವುದರಲ್ಲಿ ಯಾವ ಗಾಳಿ ಎಂಬ ಗುಟ್ಟಿನ ಪಟ್ಟಿ ಇಟ್ಟುಕೊಂಡಿದ್ದ ಒಬ್ಬರಿಗೆ ಕಳಿಸಿದರು. ಅವರು ಹತ್ತು ನಿಮಿಷದಲ್ಲಿ ಫೋನ್ ಮಾಡಿದರು. ಎಂಟಕ್ಕೆ ಎಂಟೂ ಸರಿ.

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಬಣ್ಣ ನೋಡಿದ್ವಿ, ತೂಕ ನೋಡಿದ್ವಿ, ವಾಸನೆ ಕೂಡ ನೋಡಿದ್ವಿ ಮೇಸ್ತ್ರೀ. ನಿಮ್ಮ ಸೀಟಿ ಒಂದನ್ನ...” ಎಂದು ಅರ್ಧಕ್ಕೆ ನಿಲ್ಲಿಸಿದರು. ಆಮೇಲೆ ಕೇಳಿದರು, “ಮೂವತ್ತೊಂದು ನಿಮ್ಮ ಮನೆಯವರದ್ದು ಅಲ್ವಾ? ಅದು ಗೊತ್ತಿದ್ದೂ ಬಂದು ಹೇಳಿದ್ರಾ?”

“ಅವಳೇ ಕಳಿಸಿದ್ದು ಮೇಡಂ. ನಾನಾಗಿದ್ದರೆ ಬರ್ತಿದ್ದೆನೋ ಇಲ್ಲವೋ.”

ಡಾಕ್ಟರಮ್ಮ ಎದ್ದು ಬಂದು ಭಾವನ ಕೈ ಹಿಡಿದುಕೊಂಡರಂತೆ. ಇದನ್ನು ಭಾವ ನನಗೆ ಹೇಳುವಾಗ, “ಬರೀಬೇಡ, ಅವರು ಮುಜುಗರ ಪಟ್ಟುಕೊಳ್ತಾರೆ” ಎಂದರು. ಬರೆದಿದ್ದೇನೆ.

ಪ್ರಯೋಗ ಐದು ದಿನ ನಿಂತಿತು. ಹಿತ್ತಾಳೆ ಸೀಟಿಗಳನ್ನೆಲ್ಲ ಬಿಚ್ಚಿ, ಎಲ್ಲಕ್ಕೂ ಒಂದೇ ದನಿಯಲ್ಲಿ ಪೀಂ ಪೀಂ ಅನ್ನುವ ಬ್ಯಾಟರಿ ಪೆಟ್ಟಿಗೆ ಕೂಡಿಸಿದರು. ಹಳೆಯ ಸಿಲಿಂಡರುಗಳು ಹಿಂದಕ್ಕೆ ಹೋದವು. ಹೊಸವು ಹೊಸ ನಂಬರಿನೊಂದಿಗೆ ಬೇರೆ ಕಟ್ಟಡದಿಂದ ಬಂದವು. ಭಾವ ಇನ್ನು ಆ ಸಿಲಿಂಡರುಗಳ ಹತ್ತಿರ ಸುಳಿಯುವಂತಿಲ್ಲ. ಅಕ್ಕನ ಆಪರೇಷನ್ನೂ ಐದು ದಿನ ಮುಂದಕ್ಕೆ ಹೋಯಿತು. ಆ ಐದು ದಿನ ಅವಳು ದಿಂಬು ಮೂರರಿಂದ ನಾಲ್ಕಕ್ಕೆ ಏರಿಸಿದಳು. ನಾನೂ ಭಾವನೂ ಒಳ್ಳೆಯದು ಮಾಡಿದೆವೋ ಕೆಟ್ಟದ್ದು ಮಾಡಿದೆವೋ ಎಂದು ಅವಳ ಉಸಿರು ಎಣಿಸುತ್ತಾ ಕೂತೆವು.

ಹೊಸ ಪತ್ರಕ್ಕೆ ಅಕ್ಕ ಮತ್ತೆ ಸಹಿ ಹಾಕಿದಳು. ಈ ಸಲ ಅವಳ ನಂಬರ್ ನಲವತ್ತೇಳು.

“ಯಾವುದಂತೆ?” ಭಾವನನ್ನು ಕೇಳಿದೆ, ಅಭ್ಯಾಸಬಲ.

“ನನಗೆ ಗೊತ್ತಿಲ್ಲ!” ಎಂದರು. ಇಷ್ಟು ಖುಷಿಯಾಗಿ ‘ಗೊತ್ತಿಲ್ಲ’ ಅಂದವರನ್ನು ನಾನು ನೋಡಿಲ್ಲ. “ಹೋದ ವಾರ ‘ಇಲ್ಲ’ ಅಂತ ಗೊತ್ತಿತ್ತಲ್ಲಮ್ಮ. ಈಗ ಇರಬಹುದು. ಅರ್ಧಕ್ಕರ್ಧ ಇರಬಹುದು. ಸಾಕು ನನಗೆ.”

8

ಇದನ್ನು ನಾನು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಬೆಂಚಿನ ಮೇಲೆ ಕೂತು, ಮಾಹಿತಿ ಪತ್ರಗಳ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟಿದೆ, ಕ್ಷಮಿಸಿ. ಇಲ್ಲಿಂದ ಮುಂದೆ ಕಥೆ ನನ್ನ ಕೈಲಿಲ್ಲ.

ಅಕ್ಕ ಒಳಗಿದ್ದಾಳೆ. ಬೆಳಿಗ್ಗೆ ಆರೂವರೆಗೆ ಮುಖಕ್ಕೆ ಮಾಸ್ಕ್ ಹಾಕಿ ಒಂದು ಗಂಟೆ ಗಾಳಿ ಕೊಟ್ಟರು. ಯಾವ ಗಾಳಿಯೋ. ಮಾಸ್ಕಿನೊಳಗಿನಿಂದ ಅವಳು ಏನೋ ಹೇಳಿದಳು. ಬಗ್ಗಿ ಕಿವಿಯಿಟ್ಟೆ. “ನಾನು ಉಳಿದೆನೋ ಹೋದೆನೋ ಬರೀಬೇಡ. ಓದುವವರೂ ಇವರ ಜೊತೆ ಬೆಂಚಿನ ಮೇಲೆ ಕೂತಿರಲಿ. ಇವರೊಬ್ಬರೇ ಕೂತರೆ ಬೇಜಾರು ಮಾಡ್ಕೊಳ್ತಾರೆ.”

ಆದ್ದರಿಂದ ಸ್ವಲ್ಪ ಸರಿದು ಕೂತುಕೊಳ್ಳಿ. ಇವರೇ ನನ್ನ ಭಾವ. ಮಾತಾಡಿಸಬೇಡಿ, ಆದರೆ ಎದ್ದುಹೋಗಬೇಡಿ.

ಹನ್ನೊಂದು ಗಂಟೆ. ಏನೂ ಇಲ್ಲ.

ಹನ್ನೆರಡೂ ಕಾಲು. ಭಾವನಿಗೆ ಟೀ ತಂದುಕೊಟ್ಟೆ. ಹಿಡಿದುಕೊಂಡಿದ್ದಾರೆ, ಕುಡಿದಿಲ್ಲ.

ಎರಡು ಗಂಟೆ. ಡಾಕ್ಟರು ಹೊರಗೆ ಬಂದು ಹೇಳಿದರು, ಕವಾಟ ಸರಿಯಾಗಿ ಕೂತಿದೆ, ಹೃದಯ ತಾನಾಗಿಯೇ ಹೊರಟಿದೆ. ನಾನು ಬೆಂಚಿನ ಮೇಲೆ ಕೂತೆ. ಭಾವ ನಿಂತೇ ಇದ್ದರು. “ಇನ್ನೊಂದು? ಕಿಡ್ನಿ?” ಎಂದರು. ಡಾಕ್ಟರು, “ನೋಡೋಣ” ಎಂದರು. ಈ ‘ನೋಡೋಣ’ ಎಂಬ ಪದವನ್ನು ಮಾಹಿತಿ ಪತ್ರಗಳಲ್ಲಿ ನಾನು ಇನ್ನು ಮೇಲೆ ಬಳಸುವುದಿಲ್ಲ.

ನಾಲ್ಕೂವರೆಗೆ ಐದು ನಿಮಿಷ ಒಳಗೆ ಬಿಟ್ಟರು. ಅಕ್ಕನ ಬಾಯಲ್ಲಿ ಕೊಳವೆ, ಕಣ್ಣು ಮುಚ್ಚಿವೆ, ಪಕ್ಕದಲ್ಲಿ ನಲವತ್ತೇಳರ ಸಿಲಿಂಡರು ಗುಟ್ಟು ಬಿಡದೆ ನಿಂತಿದೆ. ಮಂಚದ ಕೆಳಗೆ ಮೂತ್ರದ ಕೊಳವೆ ಬಂದು ಸೇರುವ ಅಳತೆಯ ಪಾರದರ್ಶಕ ಡಬ್ಬಿ. ಖಾಲಿ.

“ಎರಡು ಗಂಟೆಯಿಂದ ಹೀಗೇ ಇದೆ,” ನರ್ಸ್ ಮೆಲ್ಲಗೆ ಹೇಳಿದರು. “ಕಿಡ್ನಿ ಸ್ವಲ್ಪ ಮುನಿಸಿಕೊಂಡಿದೆ. ಔಷಧಿ ಕೊಟ್ಟಿದ್ದೀವಿ. ಕೆಲವರಲ್ಲಿ ಲೇಟಾಗುತ್ತೆ.”

ಭಾವ ಗೋಡೆಯ ಮೇಲಿನ ಪರದೆಗಳನ್ನು ನೋಡಲಿಲ್ಲ. ಅಕ್ಕನ ಮುಖವನ್ನೂ ನೋಡಲಿಲ್ಲ. ಮಂಡಿಯೂರಿ ನೆಲದ ಮೇಲೆ ಕೂತು, ತಲೆ ಬಗ್ಗಿಸಿ, ಕಿವಿಯನ್ನು ಆ ಡಬ್ಬಿಯ ಹತ್ತಿರ ತಂದರು. ಪ್ರಾರ್ಥನೆ ಮಾಡುತ್ತಿದ್ದಾರೆಂದು ನರ್ಸ್ ಹಿಂದಕ್ಕೆ ಸರಿದರು. ಯಂತ್ರ ಉಸ್ ಎನ್ನುತ್ತಿತ್ತು. ಎಲ್ಲೋ ಪೀಂ ಪೀಂ. ಯಾರದೋ ಗಾಡಿಯ ಚಕ್ರ.

“ಶ್!” ಎಂದರು ಭಾವ, ಇಡೀ ಆಸ್ಪತ್ರೆಗೆ.

ನನಗೇನೂ ಕೇಳಿಸಲಿಲ್ಲ. ನಾನು ನೋಡಿದೆ. ಕೊಳವೆಯ ತುದಿಯಲ್ಲಿ ಏನೋ ಮಿನುಗಿ, ದಪ್ಪವಾಗಿ, ಬಿತ್ತು.

ಭಾವ ಏಳಲಿಲ್ಲ. ಅಲ್ಲಿಂದಲೇ ಕೈ ಚಾಚಿ, ಮಂಚದ ಅಂಚಿನಲ್ಲಿದ್ದ ಅಕ್ಕನ ಬೆರಳನ್ನು ಹುಡುಕಿ ಹಿಡಿದರು. ಆರು ವರ್ಷದ ಹಿಂದೆ ಪಕ್ಕದ ಕೋಣೆಯಿಂದ ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳುವ ಹಾಗೆ ಹೇಳಿದರು.

“ಬಂತು ಕಣೇ.”

ಒಂದೇ ಹನಿ ಅದು, ಓದುಗರೇ. ಒಂದು ಹನಿಯಿಂದ ಏನೂ ಗೊತ್ತಾಗುವುದಿಲ್ಲ. ಮೂರನೆಯ ದಿನದ ರಕ್ತಪರೀಕ್ಷೆ ನೋಡಬೇಕು, ಏಳನೆಯ ದಿನದ್ದು ನೋಡಬೇಕು. ನಲವತ್ತೇಳು ಯಾವ ಗಾಳಿ ಎಂಬ ಲಕೋಟೆ ಪ್ರಯೋಗ ಮುಗಿಯುವವರೆಗೂ ತೆರೆಯುವುದಿಲ್ಲ, ತೆರೆದ ದಿನ ನಾನು ಅಲ್ಲಿಗೆ ಹೋಗುವುದಿಲ್ಲ. ಅಕ್ಕನಿಗೆ ಕೊಟ್ಟ ಮಾತಿನಂತೆ ಮುಂದಿನದನ್ನು ಬರೆಯುವುದೂ ಇಲ್ಲ.

ಐದು ನಿಮಿಷ ಮುಗಿದಿದೆ. ನರ್ಸ್ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದಾರೆ. ನಾನು ಭಾವನ ಭುಜ ಮುಟ್ಟಿದೆ. ಅವರು ಕಣ್ಣು ಮುಚ್ಚಿಕೊಂಡೇ ಒಂದು ಬೆರಳು ಎತ್ತಿದರು. ತಾಳು, ಎರಡನೆಯದು ಬರುತ್ತಿದೆ